ಪಿಯಾನೊ ಬಲ್ಲ ಪ್ರಭುಗಳು: ಶ್ರೀ ಜಯಚಾಮರಾಜ ಒಡೆಯರು

1956ರ ನವೆಂಬರ್ 1ರಂದು ಬಸವಕಲ್ಯಾಣ, ಹುಮನಾಬಾದಗಳನ್ನೊಳಗೊಂಡ ಬೀದರ ಸೀಮೆಯು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿದಾಗ, ಆ ರಾಜ್ಯದ ಪ್ರಥಮ ರಾಜ್ಯಪಾಲರಾದವರು ಶ್ರೀ ಜಯಚಾಮರಾಜ ಒಡೆಯರು. ನಮ್ಮ ಭಾಗದ ಜನರಿಗೆ ಅವರು ಪರಿಚಿತರಾದದ್ದು ಆ ಪದವಿಯಿಂದ. ಅವರು ಪಾಶ್ಚಾತ್ಯ ಸಂಗೀತದ ಮರ್ಮವನ್ನರಿತ ಪಿಯಾನೊ ವಾದಕರಾಗಿದ್ದರೆಂಬ ಸಂಗತಿಯನ್ನು ಬಲ್ಲವರು ವಿರಳ.

ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಏಕಮಾತ್ರ ಪುತ್ರರಾಗಿ 1919ರ ಜುಲೈ 18ರಂದು ಜನಿಸಿದ ಅವರು ಪಿಯಾನೊ ವಾದನದಲ್ಲಿ ಕ್ರಮವಾದ ಶಿಕ್ಷಣ ಪಡೆದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಎನಿಸಿಕೊಂಡರು. ಸಭೆಗಳಲ್ಲಿ ನುಡಿಸುವ ವಾದಕರಾಗಬೇಕೆಂಬುದೇ ಅವರ ಹಂಬಲವಾಗಿತ್ತು. ಆದರೆ 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆಯವರೂ, ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಶರಾದರು. ಇಪ್ಪತ್ತೊಂದರ ತರುಣನಿಗೆ ಸಿಂಹಾಸನ ಬಂದಿತು. ಆ ಹಂಬಲ ಅಲ್ಲಿಗೆ ಮುಗಿಯಿತು.

ಈ ವಾದ್ಯದ ಸಂಪ್ರದಾಯವನ್ನು ಕುರಿತು ಒಂದು ಮಾತು ಇಲ್ಲಿ ಅವಶ್ಯ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಒಪೆರಾ ಎಂಬ ಗೇಯನಾಟಕಗಳ ಜನಪ್ರಿಯ ಹಾಡುಗಳನ್ನೆತ್ತಿಕೊಂಡು, ಪಿಯಾನೊ ಒಂದರಲ್ಲಿಯೇ ಗಾಯಕರನ್ನೂ ಮೇಳವನ್ನೂ ಕಾಣಿಸುವ ಅಸಾಧ್ಯ ಕೈಚಳಕದ ಕೃತಿಗಳು ಹುಟ್ಟಿದವು. ಮೋಟ್ಸಾರ್ಟನ ಡಾನ್ ಜೊವಾನಿ ನಾಟಕದ ಸ್ವರಗಳ ಮೇಲೆ ಲಿಸ್ಟ್ 1841ರಲ್ಲಿ ರಚಿಸಿದ ಕೃತಿ ಈ ಬಗೆಯದು. ನಮ್ಮ ಕಡೆಯ ಪೇಟಿ ಮಾಸ್ತರರು ಕಂಪನಿ ನಾಟಕಗಳ ರಂಗಗೀತೆಗಳನ್ನು ಪೇಟಿಯಲ್ಲಿಯೇ ಬೆಳೆಸಿ ನುಡಿಸಿದರೆ ಸಭೆ ತಲೆದೂಗುತ್ತಿತ್ತಲ್ಲವೆ, ಹಾಗೆ. ಕ್ರಮೇಣ ಕೈಚಳಕವೇ ಸಂಗೀತವೆಂದು ಭ್ರಮಿಸಿದವರೂ ಉಂಟು.

ಮಹಾರಾಜರ ಮನಸ್ಸು ಒಲಿದದ್ದು ಬೇರೊಬ್ಬರಿಗೆ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರರೂ ಮಹಾವಾದಕರೇ. ಆದರೆ ಪ್ರದರ್ಶನಕ್ಕೆ ಮನಗೊಡದೆ ಅಂತರ್ಮುಖವಾದ ಸಂಗೀತವನ್ನು ಬರೆದವರು. ಲಂಡನ್ನಿನಲ್ಲಿ ನೆಲೆಸಿದ್ದ ಅವರು ವೃದ್ಧಾಪ್ಯದಲ್ಲಿ ಹೃದ್ರೋಗದಿಂದ ಬಳಲುತ್ತ, ಲೋಕಕ್ಕೆ ಮರೆತುಹೋಗುವಂತಿದ್ದರು. ಮೈಸೂರು ಪ್ರಭುಗಳ ದ್ರವ್ಯಸಹಾಯದಿಂದ ಮೆಟ್ನರ್ ಸೊಸೈಟಿ ಸ್ಥಾಪಿತವಾಯಿತು. ಮೆಟ್ನರರು ತಮ್ಮ ಮೂರು ಕನ್ಸರ್ಟೊಗಳನ್ನೂ ಸ್ವತಃ ನುಡಿಸಿ ಗ್ರಾಮಫೋನು ಮುದ್ರಿಕೆಗಿತ್ತರು. ಮೂರನೆಯ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಸಹಾಯ ನಾಲ್ಕಾರು ವರ್ಷ ತಡವಾಗಿದ್ದರೆ ಆ ಕೈಗಳ ನಾದ ಇಂದು ನಮಗೆ ದೊರೆಯುತ್ತಿರಲಿಲ್ಲ.

ದೇಶೀಯ ಸಂಗೀತವನ್ನು ಅವರು ಕಡೆಗಣಿಸಿದರೆಂದು ಯಾರೂ ತಿಳಿಯಬಾರದು. ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. ಅವರ ಗ್ರಂಥಮಾಲೆಯಲ್ಲಿ ಋಗ್ವೇದವು ಕನ್ನಡ ಅನುವಾದದೊಡನೆ ಬೆಳಕು ಕಂಡಿತು.

1948ರಲ್ಲಿ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಒಪೆರಾಗಳಿಂದ ಕೀರ್ತಿವೆತ್ತ ಜರ್ಮನಿಯ ರಿಚರ್ಡ್ ಸ್ಟ್ರಾಸರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಇವರ ಔದಾರ್ಯದಿಂದಲೇ. ಆ ಕಚೇರಿಗೆ ಹೋಗಲು ಮಹಾರಾಜರಿಗೆ ಸಾಧ್ಯವಾಗಲಿಲ್ಲ. ಅದನ್ನು ಧ್ವನಿಮುದ್ರಿಸಿದ ತಟ್ಟೆಗಳನ್ನು ಮೈಸೂರಿಗೆ ಕಳುಹಿಸಿಕೊಡಲಾಯಿತು.