ಆಕಾಶವಾಣಿಯ ಗೋಪಾಲಸ್ವಾಮಿ ಮತ್ತು ಕೈಯ ನೆನಪು

ಮೈಸೂರಿನವರಿಗೆ ಡಾ. ಎಂ. ವಿ. ಗೋಪಾಲಸ್ವಾಮಿ ಎಂದರೆ ರೇಡಿಯೋ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಪುಟ್ಟದೊಂದು ಬಾನುಲಿ ಕೇಂದ್ರ ಶುರು ಮಾಡಿದವರು ಅವರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಇಲ್ಲಿನ ಮರಾಠಿ ಗೆಳತಿಯರಿಗೆ ಇದನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತಿರುತ್ತೇನೆ. ಆದರೆ ಅವರ ಕಸುಬು ರೇಡಿಯೋ ಅಲ್ಲ, ಮನಶ್ಶಾಸ್ತ್ರ. ಅದು ನನಗೆ ಗೊತ್ತಾದದ್ದು ತೀರ ಈಚೆಗೆ, ಮನೆಯ ಒಂದು ತಾಪತ್ರಯದ ನಡುವೆ.

ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದರು. ಅವರು ಕೈ ಹಾಕಿದ್ದು ಕನ್ನಡಿ ನೋಡಿ ಗೆರೆ ಎಳೆಯುವ ಪ್ರಯೋಗಕ್ಕೆ. ಕಾಗದದ ಮೇಲೆ ಒಂದು ಆಕೃತಿ, ಅದು ನೇರವಾಗಿ ಕಾಣದಂತೆ ಒಂದು ಮರೆ, ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ನಿಮ್ಮ ಡ್ರೆಸಿಂಗ್ ಟೇಬಲ್ ಮುಂದೆ ಮಾಡಿ ನೋಡಿ, ಕೈ ಮೇಲೆ ಹೋಗು ಎಂದರೆ ಕೆಳಗೆ ಹೋಗುತ್ತದೆ! ಹತ್ತಾರು ಸಲ ಮಾಡಿದ ಮೇಲೆ ಕೈ ತಾನೇ ಕಲಿಯುತ್ತದೆ. ಹೀಗೆ ಕೈ ಕಲಿಯುವುದಕ್ಕೂ ಬುದ್ಧಿಗೂ ಏನು ನಂಟು ಎಂಬುದರ ಬಗ್ಗೆ ಅವರ ಲೇಖನ 1924ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಬಂತು.

ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು, ಇವರೇ ಮುಖ್ಯಸ್ಥರು. ದೇಶದಲ್ಲಿ ಆಗ ಅಂಥದ್ದು ಇದ್ದದ್ದು ಕಲ್ಕತ್ತದಲ್ಲಿ ಮಾತ್ರ. ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಇದರ ಜೊತೆಗೆ ಮನೆಯಲ್ಲೊಂದು ರೇಡಿಯೋ ಸ್ಟೇಷನ್! ಮನೆಮಂದಿ ಅದನ್ನೆಲ್ಲ ಹೇಗೆ ತಾಳಿಕೊಂಡರೋ ಎಂದು ಗೃಹಿಣಿಯಾದ ನನಗೆ ಅನ್ನಿಸದೆ ಇರಲಿಲ್ಲ. 1957ರಲ್ಲಿ ಅವರು ತೀರಿಕೊಂಡರು.

ಅವರು ಹೋದ ಐದು ವರ್ಷಕ್ಕೆ, 1962ರಲ್ಲಿ, ಕೆನಡಾದ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಇದೇ ಬಗೆಯ ಕನ್ನಡಿ ಪ್ರಯೋಗದ ಫಲಿತಾಂಶವೊಂದನ್ನು ಪ್ರಕಟಿಸಿದರು. ಹೆನ್ರಿ ಮೊಲೈಸನ್ ಎಂಬ ಅಮೆರಿಕದವನಿಗೆ ಅಪಸ್ಮಾರ ನಿಲ್ಲಿಸಲೆಂದು 1953ರಲ್ಲಿ ಮಿದುಳಿನ ಆಪರೇಷನ್ ಆಗಿತ್ತು. ಅಲ್ಲಿಂದ ಮುಂದೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಂಖ್ಯೆ ಹೇಳಿದರೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹಿಡಿದಿಟ್ಟುಕೊಳ್ಳುತ್ತಿದ್ದ. ಗಮನ ಬೇರೆಡೆ ಹೋದರೆ ಸಂಖ್ಯೆಯೂ ಹೋಯಿತು, ಯಾರೋ ಸಂಖ್ಯೆ ಹೇಳಿದ್ದರು ಎಂಬುದೂ ಹೋಯಿತು. ಇಂಥವನಿಗೆ ಮಿಲ್ನರ್ ಮೂರು ದಿನ ಕನ್ನಡಿಯಲ್ಲಿ ನಕ್ಷತ್ರದ ಗೆರೆ ಎಳೆಸಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಮೂರನೆಯ ದಿನವೂ ಅವನ ಪಾಲಿಗೆ ಅದು ಮೊದಲ ಸಲವೇ. ಅವನು ಮರೆತದ್ದನ್ನು ಅವನ ಕೈ ಮರೆತಿರಲಿಲ್ಲ. ಗಳಿಗೆಯ ನೆನಪು, ಉಳಿಯುವ ನೆನಪು, ಕೈಯ ನೆನಪು ಎಲ್ಲ ಒಂದೇ ಅಲ್ಲ ಎಂಬುದು ಹೀಗೆ ಗಟ್ಟಿಯಾಯಿತು.

ಈಗ ನಮ್ಮ ಮನೆ ವಿಷಯ. ವಿಮಾನ ನಗರದ ನಮ್ಮ ಫ್ಲ್ಯಾಟಿನ ಮೇಲೆ ವಿಮಾನ ಹೋದಾಗಲೆಲ್ಲ ಮೈಸೂರಿನ ನಮ್ಮ ಅತ್ತೆಯವರು ಅದೇನು ಸದ್ದು ಎಂದು ಕೇಳುತ್ತಾರೆ. ಹೇಳುತ್ತೇನೆ. ಮುಂದಿನ ವಿಮಾನಕ್ಕೆ ಮತ್ತೆ ಅದೇ ಪ್ರಶ್ನೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಹತ್ತು ನಿಮಿಷಕ್ಕೆ ಕಾಫಿ ಕೊಡಲಿಲ್ಲವಲ್ಲ ಎನ್ನುತ್ತಾರೆ. ಎರಡು ಸಲ ಗ್ಯಾಸ್ ಹಚ್ಚಿ ಮರೆತರು. ನಮ್ಮವರೂ ನಾದಿನಿಯೂ ಸೇರಿ, ಇನ್ನು ಅಮ್ಮನಿಗೆ ಯಾವ ಕೆಲಸವೂ ಬೇಡ, ಟಿವಿ ಮುಂದೆ ಕೂರಿಸೋಣ ಎಂದು ತೀರ್ಮಾನ ಮಾಡಿದರು. ಕೂರಿಸಿದೆವು. ಹದಿನೈದು ದಿನಕ್ಕೆ ಅವರ ಮಾತೇ ಕಡಿಮೆಯಾಯಿತು.

ಹೆನ್ರಿಯ ಕಥೆ, ಅದರ ಹಿಂದೆಯೇ ಗೋಪಾಲಸ್ವಾಮಿಯವರ ಕನ್ನಡಿಯ ಕಥೆ ನಾನು ಓದಿದ್ದು ಆ ದಿನಗಳಲ್ಲಿ. ಅತ್ತೆಯವರದು ಹೆನ್ರಿಯ ಕಾಯಿಲೆಯಲ್ಲ, ವಯಸ್ಸಿನ ಮರೆವು; ಅದು ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಒಂದು ದಿನ ಮಂಡಿಯಿಂದ ಮಲ್ಲಿಗೆ ಮೊಗ್ಗು ತಂದು, ದಾರದ ಉಂಡೆಯ ಜೊತೆ ಅವರ ಮಡಿಲಿಗೆ ಹಾಕಿದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಬೆರಳು ಸುತ್ತಿ ಗಂಟು. ನಾನು ಒಂದು ಗೇಣು ಕಟ್ಟುವಷ್ಟರಲ್ಲಿ ಅವರದು ಒಂದು ಮೊಳ ದಾಟಿತ್ತು. ನನ್ನ ಮಾಲೆ ಸಡಿಲ ಎಂದು ಬೈದರು ಕೂಡ. ನಾದಿನಿಗೆ ಅದರ ವಿಡಿಯೋ ಕಳಿಸಿದೆ. ಅದಾದ ಮೇಲೆ ಟಿವಿಯ ಮಾತು ಬರಲಿಲ್ಲ.

ಗ್ಯಾಸಿನ ಮುಖ್ಯ ವಾಲ್ವ್ ಈಗ ರಾತ್ರಿ ಹಗಲು ನಮ್ಮ ನಿಗಾದಲ್ಲೇ ಇದೆ. ಹೂ ಕಟ್ಟುವುದು, ಹೊಸ್ತಿಲಿಗೆ ರಂಗೋಲಿ, ಅವರೆಕಾಳು ಹಿಸುಕುವುದು ಅತ್ತೆಯವರದು. ಕಟ್ಟಿದ್ದು ಯಾರು ಎಂದು ಸಂಜೆ ಕೇಳಿದರೆ ನನ್ನ ಕಡೆ ಬೆರಳು ತೋರಿಸುತ್ತಾರೆ.