ಕಣ್ಣು ಕೊಟ್ಟ ಅಣ್ಣನ ದಾರಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ನನ್ನ ಸೋದರತ್ತೆಗೆ ಎಡಗಣ್ಣಿನಲ್ಲಿ ನೇರ ಎಳೆಯೂ ಡೊಂಕಾಗಿ ಕಾಣತೊಡಗಿದಾಗ ಮನೆಯವರೆಲ್ಲ ಪೊರೆ ಬಂದಿದೆಯೆಂದೇ ತಿಳಿದರು. ಅತ್ತೆ ನೆನೆದದ್ದು ಡಾ. ಎಂ.ಸಿ. ಮೋದಿಯವರನ್ನು. ಅವರು ತೀರಿಕೊಂಡು ಎರಡು ದಶಕ ಕಳೆದರೂ ಆ ತಲೆಮಾರಿಗೆ ಕಣ್ಣಿನ ವೈದ್ಯರೆಂದರೆ ಮೋದಿಯೇ.

ಮುರುಗೆಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು 1916ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಬೆಳಗಾವಿಯಲ್ಲಿ ಆಯುರ್ವೇದ ಓದಿ, ಮುಂಬಯಿಯಲ್ಲಿ ನೇತ್ರಚಿಕಿತ್ಸೆ ಕಲಿತರು. 1942ರಲ್ಲಿ ಗಾಂಧೀಜಿಯವರ ಕರೆ ಅವರ ಬದುಕನ್ನು ತಿರುಗಿಸಿತು. ಮರುವರ್ಷ ಗುಜರಾತಿನ ಪಾಟಣದಲ್ಲಿ ಮೊದಲ ಉಚಿತ ಶಿಬಿರ ನಡೆಸಿದರು. ಅಲ್ಲಿಂದ ಮುಂದೆ ರೋಗಿ ಆಸ್ಪತ್ರೆಗೆ ಹೋಗುವ ಬದಲು ಆಸ್ಪತ್ರೆಯೇ ರೋಗಿಯ ಊರಿಗೆ ಬಂದಿತು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. ಆ ಸಂಖ್ಯೆ ನನ್ನಲ್ಲಿ ಬೆರಗಿನ ಜೊತೆಗೆ ತುಸು ಅಳುಕನ್ನೂ ಹುಟ್ಟಿಸುತ್ತದೆ. ಅಷ್ಟು ವೇಗದಲ್ಲಿ ಕಣ್ಣಿನ ಹಿಂಭಾಗವನ್ನು ನೋಡಲು ವ್ಯವಧಾನವೆಲ್ಲಿ? ಆದರೆ ಬೇರಾರೂ ಕಾಲಿಡದ ಹಳ್ಳಿಗಳಿಗೆ ಅವರು ಹೋದರೆಂಬುದನ್ನು ಮರೆಯಲಾಗದು. 2005ರ ನವೆಂಬರಿನಲ್ಲಿ ಅವರು ಕಣ್ಮುಚ್ಚಿದರು.

ಅತ್ತೆಯದು ಪೊರೆಯಾಗಿರಲಿಲ್ಲ. ಅಕ್ಷಿಪಟಲದ ಹಿಂದಿನ ಪದರದಲ್ಲಿ ಒಂದು ಮಚ್ಚೆಯಿತ್ತು. ಇಂಥ ಮಚ್ಚೆಗಳು ಬಹುತೇಕ ನಿರುಪದ್ರವಿ. ಅಪರೂಪಕ್ಕೆ ಅವುಗಳ ಮೇಲೆ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ. ದ್ರವ ಕಂಡೊಡನೆ ಕ್ಯಾನ್ಸರಿನ ಶಂಕೆಯೂ ಮೂಡುತ್ತದೆ. ತೋಳಿಗೆ ಬಣ್ಣದ ದ್ರವ ಚುಚ್ಚಿ ತೆಗೆದ ಚಿತ್ರ, ಪದರಗಳನ್ನು ತೋರುವ ಓಸಿಟಿ ಸ್ಕ್ಯಾನ್, ಮಚ್ಚೆಯ ದಪ್ಪ ಅಳೆಯುವ ಅಲ್ಟ್ರಾಸೌಂಡ್ ಇವೆಲ್ಲ ಆಗಿ, ಅದು ಕ್ಯಾನ್ಸರಲ್ಲವೆಂದು ವೈದ್ಯರು ಹೇಳುವವರೆಗೆ ಅತ್ತೆ ನಿದ್ದೆ ಮಾಡಲಿಲ್ಲ. ಸೋರಿಕೆ ದೃಷ್ಟಿಯ ಕೇಂದ್ರದಿಂದ ದೂರವಿದ್ದರೆ ಕಾದು ನೋಡುವುದುಂಟು. ಅತ್ತೆಗೆ ಕೇಂದ್ರದಡಿಯೇ ಸೋರಿತ್ತು. ನಾಳಗಳ ಬೆಳವಣಿಗೆ ತಡೆಯುವ ಚುಚ್ಚುಮದ್ದನ್ನು ಕಣ್ಣಿನೊಳಕ್ಕೇ ಕೊಡಬೇಕಾಯಿತು.

ಪೊರೆಯನ್ನು ಒಮ್ಮೆ ತೆಗೆದರೆ ಮುಗಿಯಿತು. ಈ ಚುಚ್ಚುಮದ್ದು ಹಾಗಲ್ಲ, ಮತ್ತೆ ಮತ್ತೆ ಬೇಕು. ಪ್ರತಿ ಸಲವೂ ಬೆಂಗಳೂರಿನ ಬಸ್ಸು, ಒಂದು ದಿನದ ಕೂಲಿ ನಷ್ಟ. ಶಿಬಿರದ ಕಾಲದಲ್ಲಿ ಊರಿಗೇ ಬಂದಿದ್ದ ಆಸ್ಪತ್ರೆ ಮತ್ತೆ ದೂರ ಸರಿದಂತಿದೆ. ಕನಿಷ್ಠ ಸ್ಕ್ಯಾನ್ ಆದರೂ ತಾಲ್ಲೂಕು ಕೇಂದ್ರದಲ್ಲೇ ಆದರೆ ಅರ್ಧ ಓಡಾಟ ತಪ್ಪೀತು. ಕಾಯುವ ಬೆಂಚಿನಲ್ಲಿ ಅತ್ತೆಗೆ ಚಿಕ್ಕಬಳ್ಳಾಪುರದವರು, ಚಿಂತಾಮಣಿಯವರು ಪರಿಚಯವಾಗಿದ್ದಾರೆ. ಮೂರನೆಯ ಚುಚ್ಚುಮದ್ದಿನ ಬಳಿಕ ಅತ್ತೆಗೆ ಎಳೆ ಹೆಚ್ಚುಕಡಿಮೆ ನೇರವಾಗಿಯೇ ಕಾಣುತ್ತಿದೆ. ಅವರ ಪಕ್ಕ ಕೂರುತ್ತಿದ್ದ ಗೌರಿಬಿದನೂರಿನ ಹೆಂಗಸು ಎರಡನೆಯದಕ್ಕೇ ಬರಲಿಲ್ಲವಂತೆ.