ಸಲ್ಲದ ನಾಣ್ಯದ ಬೆಲೆ ಬಲ್ಲವನು

ನಾಣ್ಯಗಳಲ್ಲಿ ಸಲ್ಲುವವು, ಸಲ್ಲದವು ಎಂದು ಎರಡೇ ಬಗೆ ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಸಂತೆಯಲ್ಲಿ ಒಂದು ನಾಣ್ಯ ಸಲ್ಲಲಿಲ್ಲವೆಂದರೆ ಅದು ಸವೆದದ್ದಾಗಿರಬೇಕು, ಇಲ್ಲವೆ ಖೋಟಾ ಆಗಿರಬೇಕು ಎಂದು ನಾವು ಊಹಿಸುತ್ತೇವೆ. ಆದರೆ ಸವೆಯದೆ, ಖೋಟಾ ಅಲ್ಲದೆ, ಸರ್ಕಾರದ ಟಂಕಸಾಲೆಯಲ್ಲಿಯೇ ಹುಟ್ಟಿಯೂ ಒಂದು ದಿನವಾದರೂ ಸಂತೆಯ ಮುಖ ಕಾಣದ ಮೂರನೆಯ ಬಗೆಯೊಂದುಂಟು. ಹೊಸ ನಾಣ್ಯವನ್ನು ಹೊರಡಿಸುವ ಮುನ್ನ ಅದು ಹೇಗೆ ಕಂಡೀತು, ಕೈಯಲ್ಲಿ ಹೇಗೆ ತೂಗೀತು ಎಂದು ನೋಡುವುದಕ್ಕಾಗಿ ಟಂಕಸಾಲೆಯವರು ಕೆಲವೇ ಪ್ರತಿಗಳನ್ನು ಅಚ್ಚೊತ್ತುತ್ತಾರೆ. ಮೇಲಿನವರ ಒಪ್ಪಿಗೆ ದೊರೆತರೆ ಅದರ ಒಡಹುಟ್ಟುಗಳು ಲಕ್ಷಗಟ್ಟಲೆ ಹೊರಬೀಳುತ್ತವೆ. ದೊರೆಯದಿದ್ದರೆ ಆ ನಾಲ್ಕಾರು ಪ್ರತಿಗಳೇ ಆ ಯೋಚನೆಯ ಉಳಿದ ಗುರುತು. ಇವನ್ನು ಮಾದರಿ ನಾಣ್ಯಗಳೆಂದು ಕರೆಯುವುದು ವಾಡಿಕೆ. ಹೀಗೆ ಹಣವಾಗದೆ ಉಳಿದ ನಾಣ್ಯಗಳನ್ನು ಅರಸಿ ಸಂಗ್ರಹಿಸಿದವನೊಬ್ಬ, ಮುಂದೆ ಒಂದು ಮಹಾರಾಷ್ಟ್ರದ ಹಣವನ್ನೇ ಕಾಯುವ ಹೊಣೆಯನ್ನು ಹೊರಬೇಕಾಗಿ ಬಂದದ್ದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು. ಆತನೇ ಅಮೆರಿಕದ ಅರ್ಥಸಚಿವನಾಗಿದ್ದ ವಿಲಿಯಂ ಹಾರ್ಟ್‌ಮನ್ ವುಡಿನ್.

ವುಡಿನ್ ಹುಟ್ಟಿದ್ದು 1868ರ ಮೇ 27ರಂದು, ಪೆನ್ಸಿಲ್ವೇನಿಯ ಪ್ರಾಂತದ ಬರ್ವಿಕ್ ಎಂಬ ಊರಿನಲ್ಲಿ. ಮನೆತನದ ಕಸುಬು ಕಬ್ಬಿಣದ್ದು. ಜಾಕ್ಸನ್ ಅಂಡ್ ವುಡಿನ್ ಎಂಬ ಅವರ ಕಾರ್ಖಾನೆ ರೈಲ್ವೆ ಬಂಡಿಗಳಿಗೆ ಹೆಸರಾಗಿತ್ತು. ತರುಣ ವುಡಿನ್ ನ್ಯೂಯಾರ್ಕಿನ ಕೊಲಂಬಿಯ ವಿದ್ಯಾಲಯದಲ್ಲಿ ಗಣಿಶಾಸ್ತ್ರ ಓದಲು ಹೋಗಿ, ಪದವಿ ಪಡೆಯದೆಯೇ ಮನೆಯ ಕಾರ್ಖಾನೆಗೆ ಹಿಂದಿರುಗಿದ. 1898ರಲ್ಲಿ ಕಾಂಗ್ರೆಸ್ ಸಭೆಗೆ ಚುನಾವಣೆಗೆ ನಿಂತು ಸೋತ. ಮರುವರ್ಷ ಆ ಕಾರ್ಖಾನೆ ಇನ್ನೂ ಹಲವು ಕಾರ್ಖಾನೆಗಳೊಡನೆ ಬೆರೆತು ಅಮೆರಿಕನ್ ಕಾರ್ ಅಂಡ್ ಫೌಂಡ್ರಿ ಎಂಬ ದೊಡ್ಡ ಸಂಸ್ಥೆಯಾಯಿತು. 1916ರಲ್ಲಿ ವುಡಿನ್ ಅದರ ಅಧ್ಯಕ್ಷನಾದ. ಕಬ್ಬಿಣದ ನಡುವೆ ಬೆಳೆದ ಈ ಮನುಷ್ಯನ ಮನಸ್ಸು ಮಾತ್ರ ಎರಡು ನಯವಾದ ವಿಷಯಗಳಿಗೆ ಒಲಿದಿತ್ತು. ಒಂದು ಸಂಗೀತ, ಆತ ತಾನೇ ರಾಗ ಕಟ್ಟುತ್ತಿದ್ದ, ಮಕ್ಕಳ ಹಾಡುಗಳಿಗೆ ಸ್ವರ ಹಾಕಿ ಪ್ರಕಟಿಸಿದ್ದ. ಇನ್ನೊಂದು ನಾಣ್ಯ.

ಶ್ರೀಮಂತರ ನಾಣ್ಯಸಂಗ್ರಹ ಹೊಸ ಮಾತಲ್ಲ. ಹಳೆಯ ಚಿನ್ನವನ್ನು ಪೆಟ್ಟಿಗೆಯಲ್ಲಿ ತುಂಬಿಡುವುದಕ್ಕೆ ಹಣವಿದ್ದರೆ ಸಾಕು. ವುಡಿನ್ ಕೂಡ ಚಿನ್ನದ ನಾಣ್ಯಗಳಿಂದಲೇ ಆರಂಭಿಸಿದ. ಆದರೆ ಬರಬರುತ್ತ ಆತನ ಆಸಕ್ತಿ ಮಾದರಿ ನಾಣ್ಯಗಳ ಕಡೆಗೆ ತಿರುಗಿತು. ಚಲಾವಣೆಯ ನಾಣ್ಯ ಒಂದು ಸರ್ಕಾರ ಏನನ್ನು ಮಾಡಿತೆಂಬುದನ್ನು ಹೇಳುತ್ತದೆ; ಮಾದರಿ ನಾಣ್ಯ ಆ ಸರ್ಕಾರ ಏನನ್ನು ಮಾಡಲು ಯೋಚಿಸಿ ಕೈಬಿಟ್ಟಿತೆಂಬುದನ್ನು ಹೇಳುತ್ತದೆ. 1850ರಲ್ಲಿ ಅಮೆರಿಕದ ತಾಮ್ರದ ಸೆಂಟು ತೀರ ಭಾರವೂ ದುಬಾರಿಯೂ ಆಯಿತೆಂದು, ತಾಮ್ರಕ್ಕೆ ಸ್ವಲ್ಪ ಬೆಳ್ಳಿ ಬೆರೆಸಿ, ನಡುವೆ ತೂತಿಟ್ಟು ಬಳೆಯಂತೆ ಒಂದು ಸೆಂಟನ್ನು ಅಚ್ಚೊತ್ತಿ ನೋಡಿದರು. 1879ರಲ್ಲಿ ಯೂರೋಪಿನ ನಾಣ್ಯಗಳೊಡನೆ ಸರಿಹೊಂದಲೆಂದು ನಾಲ್ಕು ಡಾಲರಿನ ಚಿನ್ನದ ನಾಣ್ಯವೊಂದನ್ನು ರೂಪಿಸಿದರು. ಎರಡೂ ಚಲಾವಣೆಗೆ ಬರಲಿಲ್ಲ. ಆದರೆ ಆ ಕಾಲದವರ ಚಿಂತೆ, ಕನಸು, ಲೆಕ್ಕಾಚಾರಗಳೆಲ್ಲವೂ ಆ ಪುಟ್ಟ ಬಿಲ್ಲೆಗಳಲ್ಲಿ ಹೆಪ್ಪುಗಟ್ಟಿ ನಿಂತಿವೆ. ಕವಿಯೊಬ್ಬನ ಅಚ್ಚಾದ ಕಾವ್ಯವನ್ನು ಓದುವುದು ಒಂದು ಸುಖವಾದರೆ, ಆತ ಹೊಡೆದುಹಾಕಿದ ಸಾಲುಗಳುಳ್ಳ ಹಸ್ತಪ್ರತಿಯನ್ನು ಓದುವುದು ಇನ್ನೊಂದು ಬಗೆಯ ಅರಿವು. ವುಡಿನ್ ಬಯಸಿದ್ದು ಈ ಎರಡನೆಯದನ್ನು.

1909ರಲ್ಲಿ ಆತನ ಹೆಸರು ಪತ್ರಿಕೆಗಳಲ್ಲಿ ಮೊಳಗಿತು. ಕ್ಯಾಲಿಫೋರ್ನಿಯದಲ್ಲಿ ಚಿನ್ನ ಹೇರಳವಾಗಿ ದೊರೆತ ಮೇಲೆ, ದೊಡ್ಡ ವ್ಯವಹಾರಗಳಿಗೆ ಐವತ್ತು ಡಾಲರಿನ ಚಿನ್ನದ ನಾಣ್ಯ ಬೇಕೆಂಬ ಸಲಹೆ 1854ರಷ್ಟು ಹಿಂದೆಯೇ ಬಂದಿತ್ತು. ಕೊನೆಗೆ 1877ರಲ್ಲಿ ಫಿಲಡೆಲ್ಫಿಯದ ಟಂಕಸಾಲೆಯಲ್ಲಿ ವಿಲಿಯಂ ಬಾರ್ಬರ್ ಎಂಬ ಕಂಡರಣೆಗಾರ ಅದಕ್ಕೆ ಅಚ್ಚುಗಳನ್ನು ಕೊರೆದ. ತಾಮ್ರದಲ್ಲಿ ಕೆಲವು, ಚಿನ್ನದಲ್ಲಿ ಎರಡೇ ಎರಡು ಪ್ರತಿಗಳು ಮೂಡಿದವು. ಚಿನ್ನದ ಆ ಎರಡರಲ್ಲಿಯೂ ಸ್ವಾತಂತ್ರ್ಯದೇವಿಯ ತಲೆ ಒಂದರಲ್ಲಿ ಕೊಂಚ ದೊಡ್ಡದು, ಇನ್ನೊಂದರಲ್ಲಿ ಕೊಂಚ ಚಿಕ್ಕದು. ಯೋಜನೆ ಅಲ್ಲಿಗೇ ನಿಂತಿತು. ಮೂವತ್ತೆರಡು ವರ್ಷಗಳ ಅನಂತರ ಆ ಎರಡು ನಾಣ್ಯಗಳು ವ್ಯಾಪಾರಿಗಳ ಕೈಸೇರಿದಾಗ ವುಡಿನ್ ಒಂದೊಂದಕ್ಕೆ 10,000 ಡಾಲರಿನಂತೆ ಕೊಟ್ಟು ಕೊಂಡುಕೊಂಡ. ಅಮೆರಿಕದ ಯಾವ ನಾಣ್ಯಕ್ಕೂ ಅಲ್ಲಿಯವರೆಗೆ ಅಷ್ಟು ಬೆಲೆ ಸಂದಿರಲಿಲ್ಲ. ಪ್ರತಿಯೊಂದರಲ್ಲಿಯೂ ಇದ್ದ ಚಿನ್ನ ಐವತ್ತು ಡಾಲರಿನಷ್ಟು. ಆತ ತೆತ್ತದ್ದು ಅದರ ಇನ್ನೂರು ಪಟ್ಟು. ಇದನ್ನು ಕೆಲವರು ಹುಚ್ಚೆಂದರೆ ಆಶ್ಚರ್ಯವಿಲ್ಲ.

ಆದರೆ ಹಣಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಬೇಗನೆ ಎದ್ದಿತು. ಸರ್ಕಾರದ ಟಂಕಸಾಲೆಯಲ್ಲಿ ಪರೀಕ್ಷೆಗೆಂದು ಅಚ್ಚಾದ, ಎಂದೂ ಹೊರಬೀಳದ ನಾಣ್ಯ ಖಾಸಗಿಯವರ ಕೈಗೆ ಬಂದದ್ದು ಹೇಗೆ? ಅದು ರಾಷ್ಟ್ರದ ಸೊತ್ತಲ್ಲವೆ? ಹತ್ತೊಂಬತ್ತನೆಯ ಶತಮಾನದಲ್ಲಿ ಟಂಕಸಾಲೆಯ ಕೆಲವು ಅಧಿಕಾರಿಗಳು ತಮಗೆ ಬೇಕಾದವರಿಗೆ ಮಾದರಿಗಳನ್ನು ದಾಟಿಸುತ್ತಿದ್ದುದು, ಹಳೆಯ ಅಚ್ಚುಗಳಿಂದ ಮತ್ತೆ ಒತ್ತಿ ಮಾರುತ್ತಿದ್ದುದು ಬಲ್ಲವರಿಗೆ ಗೊತ್ತಿದ್ದ ಸಂಗತಿ. ಗಲಾಟೆ ಬೆಳೆಯಿತು. 1910ರಲ್ಲಿ ಒಂದು ರಾಜಿಯಾಗಿ ವುಡಿನ್ ಎರಡು ಚಿನ್ನದ ನಾಣ್ಯಗಳನ್ನೂ ಟಂಕಸಾಲೆಗೆ ಹಿಂದಿರುಗಿಸಿದ. ಬದಲಾಗಿ ಟಂಕಸಾಲೆಯಲ್ಲಿ ಉಳಿದಿದ್ದ ಇತರ ಮಾದರಿ ನಾಣ್ಯಗಳು ಪೆಟ್ಟಿಗೆಗಟ್ಟಲೆ ಆತನಿಗೆ ದೊರೆತವು. ಈ ವಿನಿಮಯ ನ್ಯಾಯವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಒಂದು ಮಾತನ್ನು ಮಾತ್ರ ಒಪ್ಪಬೇಕು: ಆ ಎರಡು ನಾಣ್ಯಗಳು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ರಾಷ್ಟ್ರದ ಸೊತ್ತಾಗಿ ಉಳಿದಿವೆ, ಪೆಟ್ಟಿಗೆಗಳಲ್ಲಿ ಬಂದದ್ದು ಒಂದು ಗ್ರಂಥಕ್ಕೆ ಒದಗಿತು.

ಆ ಗ್ರಂಥವೇ ವುಡಿನ್ನನ ಸಂಗ್ರಹವನ್ನು ಬರಿಯ ಸಿರಿವಂತಿಕೆಯಿಂದ ವಿದ್ವತ್ತಿಗೆ ಏರಿಸಿದ್ದು. ಎಡ್ಗರ್ ಆಡಮ್ಸ್ ಎಂಬ ನಾಣ್ಯಪಂಡಿತನೊಡನೆ ಸೇರಿ ಆತ ಸಿದ್ಧಪಡಿಸಿದ ಅಮೆರಿಕದ ಮಾದರಿ ನಾಣ್ಯಗಳ ಪಟ್ಟಿಯನ್ನು 1913ರಲ್ಲಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಪ್ರಕಟಿಸಿತು. ಮುಂದೆ ನಾಲ್ಕು ದಶಕಗಳಿಗೂ ಮೀರಿ, 1959ರಲ್ಲಿ ಜಡ್ ಎಂಬ ವೈದ್ಯನ ಗ್ರಂಥ ಬರುವವರೆಗೆ, ಈ ವಿಷಯಕ್ಕೆ ಅದೇ ಆಧಾರ. ಮಾದರಿ, ಪರೀಕ್ಷಾ ಪ್ರತಿ, ಪ್ರಯೋಗ ನಾಣ್ಯ ಎಂಬ ಮೂರು ಬಗೆಗಳು ಆ ಪುಸ್ತಕದ ಹೆಸರಿನಲ್ಲಿಯೇ ಸೇರಿವೆ. ಹೊಸ ವಿನ್ಯಾಸವನ್ನು ಒಪ್ಪಿಗೆಗಾಗಿ ಮುಂದಿಡುವುದು ಮಾದರಿ; ಅಚ್ಚಿನ ಗುಣವನ್ನರಿಯಲು ಬೇರೆ ಲೋಹದಲ್ಲಿ ಒತ್ತಿದ್ದು ಪರೀಕ್ಷಾ ಪ್ರತಿ; ಹೊಸ ಲೋಹ, ಹೊಸ ಆಕಾರಗಳನ್ನು ಪ್ರಯತ್ನಿಸಿದ್ದು ಪ್ರಯೋಗ ನಾಣ್ಯ. ಬೆಲೆ ಕಟ್ಟುವವನು ಮೊದಲು ಕೇಳಬೇಕಾದದ್ದು ಇದು ಯಾವ ಬಗೆ ಎಂದು. ಆಮೇಲೆ ಕೇಳಬೇಕಾದದ್ದು, ಇದು ಆ ಹೊತ್ತಿನಲ್ಲಿಯೇ ಹುಟ್ಟಿದ್ದೋ, ಸಂಗ್ರಾಹಕರ ಆಸೆಗಾಗಿ ಅನಂತರ ಒತ್ತಿದ್ದೋ ಎಂದು. 1877ರ ಅರ್ಧ ಯೂನಿಯನ್ ನಾಣ್ಯದ ತಾಮ್ರದ ಪ್ರತಿಗಳಲ್ಲಿ ಕೆಲವಕ್ಕೆ ಚಿನ್ನದ ಮುಲಾಮು ಹಾಕಲಾಗಿದೆ. ಕಣ್ಣಿಗೆ ಅವು ಚಿನ್ನವೇ. ತೂಕ, ಅಂಚು, ಅಚ್ಚಿನ ಬಿರುಕು, ಕೈಯಿಂದ ಕೈಗೆ ಬಂದ ವೃತ್ತಾಂತ ಇವನ್ನೆಲ್ಲ ಓದಬಲ್ಲವನಿಗೆ ಮಾತ್ರ ನಿಜ ತಿಳಿಯುತ್ತದೆ. ಎಷ್ಟು ವಿರಳ ಎಂಬುದೊಂದೇ ಪ್ರಮಾಣವಲ್ಲ. ಯಾವ ನಿರ್ಧಾರಕ್ಕೆ ಸಾಕ್ಷಿ ಎಂಬುದೂ ಪ್ರಮಾಣವೆಂದು ಈ ವಿದ್ಯೆ ಕಲಿಸುತ್ತದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ವುಡಿನ್ ನಾಣ್ಯಪ್ರಿಯರ ನೆನಪಿನಲ್ಲಿ ಮಾತ್ರ ಉಳಿಯುತ್ತಿದ್ದ. ಆತ ಹುಟ್ಟಾ ರಿಪಬ್ಲಿಕನ್ ಪಕ್ಷದವನಾದರೂ ಡೆಮೊಕ್ರಾಟ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟನ ಗೆಳೆಯನಾಗಿದ್ದ. 1932ರ ಚುನಾವಣೆಯಲ್ಲಿ ಗೆದ್ದ ರೂಸ್‌ವೆಲ್ಟ್ ಅರ್ಥಖಾತೆಗೆ ಮೊದಲು ಕರೆದದ್ದು ಕಾರ್ಟರ್ ಗ್ಲಾಸನನ್ನು. ಆತ ಒಲ್ಲೆನೆನ್ನಲು ಹೊಣೆ ವುಡಿನ್ನನಿಗೆ ಬಂದಿತು. ಬಂದ ಗಳಿಗೆಯಾದರೋ ಘೋರವಾದದ್ದು. ಅಧಿಕಾರ ಸ್ವೀಕಾರದ 1933ರ ಮಾರ್ಚ್ 4ರ ಹೊತ್ತಿಗೆ ದೇಶದ ಬಹುಪಾಲು ಪ್ರಾಂತಗಳಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದವು, ಇಲ್ಲವೆ ಹಣ ಕೊಡುವುದನ್ನು ಮಿತಗೊಳಿಸಿದ್ದವು. ಮಾರ್ಚ್ 6ರಿಂದ ರಾಷ್ಟ್ರದ ಎಲ್ಲ ಬ್ಯಾಂಕುಗಳಿಗೂ ರಜೆ ಸಾರಲಾಯಿತು.

ಕಡುಕಷ್ಟದ ಪ್ರಶ್ನೆ ಇದು: ಬ್ಯಾಂಕುಗಳು ತೆರೆದಾಗ ಜನರಿಗೆ ಕೊಡಲು ಹಣವೆಲ್ಲಿ? ಊರೂರಿನಲ್ಲಿ ತಾತ್ಕಾಲಿಕ ಚೀಟಿಗಳನ್ನು ಹಣದ ಬದಲು ಹಂಚೋಣವೆಂದು ಹಲವರ ಸಲಹೆ. ವುಡಿನ್ ಆ ರಾತ್ರಿ ಕೊಂಚ ಹೊತ್ತು ಗಿಟಾರ್ ನುಡಿಸಿ, ಕೊಂಚ ಓದಿ, ಕೊಂಚ ಮಲಗಿ, ಎದ್ದು ಯೋಚಿಸಿ, ಬೆಳಗಾಗುವ ಹೊತ್ತಿಗೆ ಚೀಟಿ ಬೇಡವೆಂದು ನಿಶ್ಚಯಿಸಿದನಂತೆ. ಬ್ಯಾಂಕುಗಳ ಆಸ್ತಿಪತ್ರಗಳ ಆಧಾರದ ಮೇಲೆ ಹಣವೆಂದು ಕಾಣುವ, ಹಣವೆಂದು ಕೈಗೆ ತಟ್ಟುವ ನೋಟುಗಳನ್ನೇ ಕೊಡಬೇಕೆಂಬುದು ಆತನ ತೀರ್ಮಾನ. ಅದಕ್ಕೆ ಅವಕಾಶ ಕೊಡುವ ಶಾಸನ ಮಾರ್ಚ್ 9ರ ಒಂದೇ ದಿನದಲ್ಲಿ ಆಯಿತು. ಸಿದ್ಧವಾಗಿದ್ದ ಹಳೆಯ ಫಲಕಗಳನ್ನೇ ಬಳಸಿ ನೋಟುಗಳನ್ನು ಅಚ್ಚುಮಾಡಿದರು. ಸೋತ ಪಕ್ಷದ ಅರ್ಥಾಧಿಕಾರಿಗಳೂ ಹಗಲಿರುಳು ಆತನೊಡನೆ ದುಡಿದರು. ಮಾರ್ಚ್ 13ರಂದು ಬ್ಯಾಂಕುಗಳು ತೆರೆದಾಗ, ಹಣ ತೆಗೆಯಲು ನೂಕುನುಗ್ಗಲಾಗುವ ಬದಲು, ತೆಗೆದು ಬಚ್ಚಿಟ್ಟದ್ದನ್ನು ಜನ ಮರಳಿ ತಂದು ಕಟ್ಟತೊಡಗಿದರು. ಸಲ್ಲದ ನಾಣ್ಯಗಳ ನಡುವೆ ಬಾಳಿದವನಿಗೆ ನಾಣ್ಯ ಸಲ್ಲುವುದು ಯಾತರಿಂದ ಎಂಬುದು ತಿಳಿದಿದ್ದಿತು. ಲೋಹದಿಂದಲ್ಲ, ಮುದ್ರೆಯೊಂದರಿಂದಲೂ ಅಲ್ಲ. ಕೊಟ್ಟವನು ಮಾತಿಗೆ ತಪ್ಪನೆಂಬ ನಂಬಿಕೆಯಿಂದ.

ಆದರೆ ಆ ವರ್ಷವೇ ಚಿನ್ನದ ಅಪ್ಪಣೆಯೂ ಹೊರಟಿತು. ಏಪ್ರಿಲ್ 5ರ ಆಜ್ಞೆಯಂತೆ ಪ್ರಜೆಗಳು ತಮ್ಮಲ್ಲಿದ್ದ ಚಿನ್ನವನ್ನೂ ಚಿನ್ನದ ನಾಣ್ಯಗಳನ್ನೂ ಮೇ 1ರೊಳಗೆ ಒಪ್ಪಿಸಬೇಕಾಯಿತು. ತಲೆಗೆ ನೂರು ಡಾಲರಿನಷ್ಟು ಮಾತ್ರ ಇಟ್ಟುಕೊಳ್ಳಬಹುದು. ಅದೇ ಆಜ್ಞೆಯಲ್ಲಿ, ಸಂಗ್ರಾಹಕರಿಗೆ ವಿಶೇಷ ಬೆಲೆಯುಳ್ಳ ಅಪರೂಪದ ನಾಣ್ಯಗಳಿಗೆ ವಿನಾಯಿತಿಯುಂಟೆಂದು ಒಂದು ಸಾಲು ಸೇರಿತ್ತು. ಅದರ ಹಿಂದೆ ಅರ್ಥಸಚಿವನ ಕೈಯಿತ್ತೆಂದು ನಾಣ್ಯಪ್ರಿಯರು ಬಹುಕಾಲದಿಂದ ನಂಬಿ ಬಂದಿದ್ದಾರೆ. ಸ್ವಾರ್ಥವೆನ್ನಬೇಕೆ? ತನ್ನ ಪೆಟ್ಟಿಗೆಯನ್ನು ಕಾಯುವ ಸಾಲೆಂದು ಜರೆಯುವುದು ಸುಲಭ. ಆದರೆ ಆ ಸಾಲಿಲ್ಲದಿದ್ದರೆ ಎಷ್ಟೋ ಚರಿತ್ರೆ ಕುಲುಮೆಯಲ್ಲಿ ಕರಗಿ ಬರಿಯ ಗಟ್ಟಿಯಾಗುತ್ತಿತ್ತು. ಆ ವರ್ಷ ಫಿಲಡೆಲ್ಫಿಯದಲ್ಲಿ ಅಚ್ಚಾದ 4,45,500 ಇಪ್ಪತ್ತು ಡಾಲರಿನ ನಾಣ್ಯಗಳು ಚಲಾವಣೆಗೆ ಬಾರದೆಯೇ ಉಳಿದು, ಮುಂದೆ ಕುಲುಮೆಗೆ ಹೋದವು. ಸಲ್ಲಬೇಕೆಂದು ಹುಟ್ಟಿದ ನಾಣ್ಯಗಳು ಒಂದು ಆಜ್ಞೆಯಿಂದ ಸಲ್ಲದವಾದವು. ಹೇಗೋ ಉಳಿದುಕೊಂಡವುಗಳಲ್ಲಿ ಒಂದು 2021ರಲ್ಲಿ 1 ಕೋಟಿ 88 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು.

ವುಡಿನ್ನನಿಗೆ ಅಧಿಕಾರ ಸುಖ ತರಲಿಲ್ಲ. ಮಾರ್ಗನ್ ಬ್ಯಾಂಕಿನವರು ಕಡಮೆ ಬೆಲೆಗೆ ಷೇರು ಕೊಟ್ಟವರ ಪಟ್ಟಿಯಲ್ಲಿ ಆತನ ಹೆಸರೂ ಇದ್ದದ್ದು ಮೇ ತಿಂಗಳ ವಿಚಾರಣೆಯಲ್ಲಿ ಬೆಳಕಿಗೆ ಬಂದು, ರಾಜೀನಾಮೆಯ ಕೂಗೆದ್ದಿತು. ಅಧ್ಯಕ್ಷ ಆತನನ್ನು ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಗಂಟಲಿನ ಬೇನೆ ಆತನನ್ನು ಹಿಡಿದಿತ್ತು. ವರ್ಷದ ಕೊನೆಗೆ ಪದವಿಯನ್ನು ತೊರೆದ. 1934ರ ಮೇ 3ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಇನ್ನು ಕೆಲವೇ ದಿನಗಳು ಕಳೆದಿದ್ದರೆ ಅರವತ್ತಾರು ತುಂಬುತ್ತಿತ್ತು.

ಆತ ಮಂತ್ರಿಯಾಗಿದ್ದದ್ದು ಹತ್ತು ತಿಂಗಳಿಗೂ ಕಡಮೆ. ಆದರೆ ಬೆಲೆ ಬೇರೆ, ಮೌಲ್ಯ ಬೇರೆ ಎಂಬ ಹಳೆಯ ವಿವೇಕವನ್ನು ಆತನ ಬಾಳು ಎರಡು ಕಡೆಯಿಂದ ತೋರಿಸಿಕೊಡುತ್ತದೆ. ಐವತ್ತು ಡಾಲರಿನ ಚಿನ್ನಕ್ಕೆ ಹತ್ತು ಸಾವಿರ ತೆತ್ತ ಕೈಯೇ, ಬರಿಯ ಕಾಗದವನ್ನು ಜನ ಚಿನ್ನದಂತೆ ನಂಬುವ ಹಾಗೆ ಮಾಡಿತು. ಮೊದಲನೆಯದರಲ್ಲಿ ಆತ ಕೊಂಡದ್ದು ಕಳೆದುಹೋದ ಒಂದು ಸಾಧ್ಯತೆಯ ನೆನಪನ್ನು. ಎರಡನೆಯದರಲ್ಲಿ ಉಳಿಸಿಕೊಟ್ಟದ್ದು ನಾಳೆಯ ಮೇಲಿನ ಭರವಸೆಯನ್ನು. ಎರಡಕ್ಕೂ ತಕ್ಕಡಿಯ ತೂಕವಿಲ್ಲ.